ಹೆಬ್ಬೆಟ್ಟು, ಪಹಣಿ ಮತ್ತು ಕಾವೇರಿ

ಕೊಡಗಿನಲ್ಲಿ ಕಾಗದವನ್ನು ಕಾಪಾಡಿಕೊಳ್ಳುವುದು ಸುಲಭದ ಕೆಲಸವಲ್ಲ. ಇಲ್ಲಿ ಒಂದು ಮಳೆಗಾಲ ಕಳೆದವರಿಗೆಲ್ಲ ಈ ಮಾತು ಅರ್ಥವಾಗುತ್ತದೆ. ಜೂನ್ ತಿಂಗಳು ಬಂತೆಂದರೆ ಗೋಡೆಗಳು ಬೆವರತೊಡಗುತ್ತವೆ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಶಾಯಿಯ ಅಕ್ಷರ ಹರಡಿಕೊಳ್ಳುತ್ತದೆ. ಮಳೆ ನಿಂತು ಬಿಸಿಲು ಕಾಣಿಸಿಕೊಂಡಾಗ ಗೆದ್ದಲಿನ ಸರದಿ. ನಾನು ಕಂಡ ಒಂದೆರಡು ಐನ್‌ಮನೆಗಳಲ್ಲಿ ಹಳೆಯ ಕಾಗದಪತ್ರಗಳ ಪೆಟ್ಟಿಗೆಯನ್ನು ಒಲೆಯ ಹೊಗೆ ತಾಗುವಂತೆ ಅಟ್ಟದ ಮೇಲೆ ಇಟ್ಟಿದ್ದರು. ಕಾಗದ ಕಪ್ಪಾಗಿತ್ತು, ಆದರೆ ಓದಲು ಬರುತ್ತಿತ್ತು.

ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದಷ್ಟು ಕಾಲ ನನಗೆ ಅತ್ಯಂತ ಜವಾಬ್ದಾರಿಯ ವಸ್ತುವೆನಿಸಿದ್ದು ಶಾಲೆಯ ದಾಖಲಾತಿ ವಹಿ. ಅದರಲ್ಲಿ ಒಬ್ಬ ವಿದ್ಯಾರ್ಥಿಯ ಜನ್ಮದಿನಾಂಕದ ಒಂದು ಅಂಕೆ ಬದಲಾದರೆ ಮುಂದೆ ಅವನ ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವೂ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಅದನ್ನು ತಿದ್ದುವ ಕ್ರಮವೇ ಬೇರೆ. ಹಳೆಯ ಬರಹವನ್ನು ಅಳಿಸುವಂತಿಲ್ಲ. ಓದುವಂತೆ ಒಂದು ಗೆರೆ ಎಳೆಯಬೇಕು. ಪಕ್ಕದಲ್ಲಿ ಕೆಂಪು ಶಾಯಿಯಿಂದ ಹೊಸದನ್ನು ಬರೆದು, ಯಾವ ಆದೇಶದ ಮೇರೆಗೆ ಎಂದು ನಮೂದಿಸಿ, ಮುಖ್ಯೋಪಾಧ್ಯಾಯರು ದಿನಾಂಕ ಸಹಿತ ಸಹಿ ಹಾಕಬೇಕು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಆ ಒಂದೇ ಗೆರೆಯಲ್ಲಿ ಉಳಿಯುತ್ತಿತ್ತು.

ಈಗ ಇಂತಹ ವಹಿಗಳೆಲ್ಲ ಗಣಕಯಂತ್ರದೊಳಕ್ಕೆ ಹೋಗಿವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗ್ರಾಮೀಣ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದಾನೆ. ಸೈಬರ್ ದಾಳಿಗಳ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ: "ಸಾರ್, ನಮ್ಮಂಥ ಸಣ್ಣ ಸಂಘವನ್ನು ಯಾರು ಹುಡುಕಿಕೊಂಡು ಬರುತ್ತಾರೆ?" ಪ್ರಶ್ನೆ ಸಹಜವಾದದ್ದೇ. ನಾನು ಚರಿತ್ರೆಯ ಮೇಷ್ಟ್ರು, ತಂತ್ರಜ್ಞನಲ್ಲ. ಆದ್ದರಿಂದ ನನಗೆ ಗೊತ್ತಿರುವ ದಾರಿಯಲ್ಲೇ ಉತ್ತರ ಹುಡುಕಬೇಕಾಯಿತು. ಆ ದಾರಿ ನಮ್ಮ ಜಿಲ್ಲೆಯ ಭೂದಾಖಲೆಗಳಿಂದಲೇ ಆರಂಭವಾಗುತ್ತದೆ.

ಕೊಡಗನ್ನು 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಕಾಲದಲ್ಲಿ ಜಮೀನುಗಳನ್ನು ಅಳೆದು, ಕಂದಾಯ ನಿಗದಿ ಮಾಡಿ ಬರೆಸಿದ ಲೆಕ್ಕಕ್ಕೆ ಶಿಸ್ತು ಎಂದು ಹೆಸರು. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡ ಮೇಲೂ ಆಡಳಿತ ಬಹುಕಾಲ ಈ ಲೆಕ್ಕವನ್ನೇ ಆಧರಿಸಿ ನಡೆಯಿತು. ತಾಲ್ಲೂಕಿಗೆ ಸುಬೇದಾರ, ನಾಡಿಗೆ ಪಾರುಪತ್ಯಗಾರ, ಅವರ ಕೆಳಗೆ ಲೆಕ್ಕ ಬರೆಯುವ ಶಾನುಭೋಗ. ಜಮ್ಮಾ ಹಿಡುವಳಿಯು ಒಕ್ಕದ ಪಟ್ಟೇದಾರನ ಹೆಸರಿನಲ್ಲಿ ದಾಖಲಾಗುತ್ತಿತ್ತು. ಅವನು ತೀರಿಕೊಂಡು ಎರಡು ಮೂರು ತಲೆಮಾರು ಕಳೆದರೂ ಅದೇ ಹೆಸರು ಪಹಣಿಯಲ್ಲಿ ಮುಂದುವರಿದಿರುವುದನ್ನು ಕೊಡಗಿನ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅದರ ಕಷ್ಟನಷ್ಟಗಳ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದದ್ದು ಇಷ್ಟೆ: ದಾಖಲೆ ಒಂದು ಕೈಯಲ್ಲಿತ್ತು, ಒಕ್ಕದ ಹಿರಿಯರ ನೆನಪು ಇನ್ನೊಂದು ಕೈಯಲ್ಲಿತ್ತು. ಶಾನುಭೋಗ ಏನಾದರೂ ತಿದ್ದಿದರೆ ಅಕ್ಕಪಕ್ಕದ ಗದ್ದೆಯವರು ಸುಮ್ಮನಿರುತ್ತಿರಲಿಲ್ಲ.

1908ರ ನೋಂದಣಿ ಕಾಯಿದೆಯನ್ನು ಓದಿದವರು ಕಡಿಮೆ. ಬೇಸರದ ಓದು, ನಿಜ. ಆದರೆ ಅದನ್ನು ರಚಿಸಿದವರು ದೂರದೃಷ್ಟಿಯವರು. ಕ್ರಯಪತ್ರ ನೋಂದಣಿಯಾದಾಗ ಮೂಲ ಪತ್ರ ಕೊಂಡವರ ಕೈಗೆ ಹೋಗುತ್ತದೆ. ಅದರ ನಕಲು ಕಚೇರಿಯ ಪುಸ್ತಕಕ್ಕೆ ಸೇರುತ್ತದೆ. ಹೆಸರಿನ ಸೂಚಿ, ಆಸ್ತಿಯ ಸೂಚಿ ಎಂದು ಬೇರೆ ಬೇರೆ ಸೂಚಿಗಳು. ಆಸ್ತಿ ಎರಡು ಉಪನೋಂದಣಿ ವ್ಯಾಪ್ತಿಗೆ ಸೇರಿದ್ದರೆ ಇನ್ನೊಂದು ಕಚೇರಿಗೂ ಒಂದು ಜ್ಞಾಪನ ಹೋಗಬೇಕು. ಹೀಗೆ ಒಂದು ವ್ಯವಹಾರದ ಸುಳಿವು ಹಲವು ಕಡೆ ಉಳಿಯುತ್ತದೆ. ಒಂದು ಕಚೇರಿಗೆ ಬೆಂಕಿ ಬಿದ್ದರೂ ಎಲ್ಲವೂ ನಾಶವಾಗದು. ಇಂದು ಕಂಪನಿಗಳು ದೊಡ್ಡ ಹಣ ತೆತ್ತು ಬ್ಯಾಕಪ್ ಎಂದು ಮಾಡಿಸಿಕೊಳ್ಳುವುದು ಇದನ್ನೇ.

ಇನ್ನು ಹೆಬ್ಬೆಟ್ಟಿನ ಕಥೆ. ಅದು ಆರಂಭವಾದದ್ದು ಬಂಗಾಳದಲ್ಲಿ. 1858ರಲ್ಲಿ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನೊಡನೆ ರಸ್ತೆಯ ಸಾಮಗ್ರಿಗಾಗಿ ಒಂದು ಕರಾರು ಮಾಡಿಕೊಂಡ. ಸಹಿ ಸಾಲದೆಂದು ಕರಾರುಪತ್ರದ ಹಿಂಬದಿಯಲ್ಲಿ ಅವನ ಅಂಗೈಯ ಅಚ್ಚನ್ನು ಒತ್ತಿಸಿಕೊಂಡ. ಆಗ ಅದರಲ್ಲಿ ಶಾಸ್ತ್ರವೇನೂ ಇರಲಿಲ್ಲ. ನಾಳೆ "ಇದು ನನ್ನ ಸಹಿಯಲ್ಲ" ಎಂದು ಆತ ಹೇಳದಿರಲಿ ಎಂಬ ಎಚ್ಚರಿಕೆ ಮಾತ್ರ. ಶಾಸ್ತ್ರ ಆಮೇಲೆ ಬಂತು. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಅಚ್ಚುಗಳನ್ನು ವರ್ಗೀಕರಿಸುವ ಗಣಿತದಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ದುಡಿದರು. ಪದ್ಧತಿಗೆ ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಇದು ನಮಗೆ ಹೊಸತಲ್ಲ.

1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾವು ಉಪಾಧ್ಯಾಯರು ಸಂಜೆ ಲಾಟೀನು ಹಿಡಿದು ಹೋಗಿ ಹಿರಿಯರಿಗೆ ಸಹಿ ಹಾಕಲು ಕಲಿಸುತ್ತಿದ್ದೆವು. ಹೆಬ್ಬೆಟ್ಟು ಒತ್ತುವುದು ಅವಮಾನವೆಂದು ಬೋಧಿಸುತ್ತಿದ್ದೆವು. ಅದೇ ದಶಕ ಮುಗಿಯುವ ಹೊತ್ತಿಗೆ ಸರ್ಕಾರವೇ ತನ್ನ ಅಧಿಕಾರಿಗಳನ್ನು ಕರೆದು ಬೆರಳು ಒತ್ತಿ ಎಂದಿತು. ಅದು ಭೂಮಿ ಯೋಜನೆ.

ಭೂಮಿಗೆ ಮೊದಲು ರಾಜ್ಯದ ಸುಮಾರು 9,000 ಗ್ರಾಮಲೆಕ್ಕಿಗರು ಪಹಣಿಗಳನ್ನು ಕೈಯಲ್ಲಿ ಬರೆದಿಡುತ್ತಿದ್ದರು. ಪಹಣಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಅಲೆಯಬೇಕು. ಅವರಲ್ಲಿ ಪ್ರಾಮಾಣಿಕರೂ ಇದ್ದರು. ಆದರೆ ಅಪ್ರಾಮಾಣಿಕನೊಬ್ಬ ಹೆಸರು ತಿದ್ದಿದರೆ ಹೋಲಿಸಿ ನೋಡಲು ರೈತನ ಬಳಿ ಏನೂ ಇರುತ್ತಿರಲಿಲ್ಲ. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಏರಿದವು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳಲ್ಲೂ ಭೂಮಿ ಕೇಂದ್ರಗಳಿದ್ದವು. ನಮ್ಮ ಜಿಲ್ಲೆಯಲ್ಲಿ ಆಗ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರೇ ತಾಲ್ಲೂಕು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು.

ಈ ಯೋಜನೆಯಲ್ಲಿ ನನ್ನನ್ನು ಆಕರ್ಷಿಸಿದ ಅಂಶ ಬೆರಳಿನದು. ದಾಖಲೆ ತಿದ್ದುವ ನೌಕರ ಗುಪ್ತಪದವೊಂದನ್ನು ಹೊಡೆದು ಒಳಹೋಗುವಂತಿರಲಿಲ್ಲ. ಬೆರಳನ್ನು ಯಂತ್ರದ ಮೇಲಿಡಬೇಕಿತ್ತು. ಗುಪ್ತಪದವಾದರೆ "ಬೇರೆ ಯಾರೋ ಬಳಸಿದ್ದಾರೆ" ಎನ್ನಬಹುದು. ಬೆರಳಿನ ವಿಷಯದಲ್ಲಿ ಹಾಗೆನ್ನುವುದು ಕಷ್ಟ. ಹರ್ಷೆಲ್ ಗುತ್ತಿಗೆದಾರನಿಗೆ ಮಾಡಿದ್ದನ್ನು ಕರ್ನಾಟಕ ಸರ್ಕಾರ ನೂರನಲವತ್ತು ವರ್ಷಗಳ ನಂತರ ತನ್ನ ನೌಕರರಿಗೆ ಮಾಡಿತು. ಹಕ್ಕು ಬದಲಾವಣೆಯ ಸಹಿಯಾದ ಆದೇಶವನ್ನು ಸ್ಕ್ಯಾನ್ ಮಾಡಿ ಇಡುವ ಕ್ರಮವೂ ಇತ್ತು. ನಮ್ಮ ದಾಖಲಾತಿ ವಹಿಯ ಕೆಂಪು ಶಾಯಿಯ ಗೆರೆ ಯಂತ್ರದೊಳಗೂ ಬಂದಿತ್ತು ಎನ್ನಬಹುದು.

ಕೊಡಗಿನವರಾಗಿ ಇನ್ನೊಂದು ಋಣವನ್ನೂ ನಾವು ಒಪ್ಪಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಜಾರಿದಾಗ ಮನೆಗಳ ಜತೆ ಮನೆಯ ಕಾಗದಪತ್ರಗಳೂ ಮಣ್ಣಿನಡಿ ಸೇರಿದವು. ತೋಟವೇ ಉಳಿದಿರಲಿಲ್ಲ, ಆದರೆ ಇಂಥ ಕಡೆ ಇಂಥವರ ಜಮೀನು ಇತ್ತೆಂಬ ಪಹಣಿ ಉಳಿದಿತ್ತು, ಏಕೆಂದರೆ ಅದು ಆ ಗುಡ್ಡದ ಮೇಲೆ ಇರಲಿಲ್ಲ. ಯಂತ್ರವನ್ನು ಹಳಿಯುವ ನನ್ನ ವಯಸ್ಸಿನವರು ಇದನ್ನು ಮರೆಯಬಾರದು.

ಆದರೆ ಬೀಗ ಗಟ್ಟಿಯಾದಷ್ಟೂ ಕಳ್ಳ ಬೇರೆ ಬಾಗಿಲು ನೋಡುತ್ತಾನೆ. 2001ರ ತಿದ್ದುಪಡಿಯೊಂದು ಆಸ್ತಿಪತ್ರಗಳಿಗೆ ಉಭಯ ಪಕ್ಷಗಳ ಭಾವಚಿತ್ರವನ್ನೂ ಬೆರಳಚ್ಚನ್ನೂ ಕಡ್ಡಾಯ ಮಾಡಿತು. ಬೇರೊಬ್ಬರ ಹೆಸರಿನಲ್ಲಿ ನಿಂತು ಆಸ್ತಿ ಮಾರುವವರನ್ನು ತಡೆಯುವುದು ಉದ್ದೇಶ. ನೋಂದಣಿ ಇಲಾಖೆಯ ತಂತ್ರಾಂಶಕ್ಕೆ ಇಟ್ಟ ಹೆಸರು ಕಾವೇರಿ. 2023ರಲ್ಲಿ ಅದರ ಹೊಸ ರೂಪ ಕಾವೇರಿ 2.0 ರಾಜ್ಯದ ಉಪನೋಂದಣಿ ಕಚೇರಿಗಳಿಗೆಲ್ಲ ಬಂತು. ಮನೆಯಲ್ಲೇ ಕುಳಿತು ಪತ್ರಗಳ ನಕಲು ಪಡೆಯುವ ಅನುಕೂಲ ಜನರಿಗೆ ದೊರೆಯಿತು. ಅದೇ ವರ್ಷ ಪೊಲೀಸರಿಗೆ ವಿಚಿತ್ರ ದೂರುಗಳು ಬರತೊಡಗಿದವು. ಆಸ್ತಿ ನೋಂದಣಿ ಮಾಡಿಸಿದ್ದವರ ಬ್ಯಾಂಕ್ ಖಾತೆಯಿಂದ, ಒಟಿಪಿಯೂ ಇಲ್ಲದೆ, ಅವರು ಯಾರಿಗೂ ಏನೂ ಹೇಳದೆಯೇ, ಹತ್ತು ಸಾವಿರ ರೂಪಾಯಿಯವರೆಗೆ ಹಣ ಮಾಯವಾಗುತ್ತಿತ್ತು.

ಕಾರಣ ಹೀಗಿತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಹಣ ತೆಗೆಯಬಹುದು. ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಯ ವೃದ್ಧರಿಗೆ ಇದು ವರದಾನವೇ ಸರಿ. ಆದರೆ ಕ್ರಯಪತ್ರದ ನಕಲಿನಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಒಟ್ಟಿಗೇ ಇದ್ದವು. ಮೋಸಗಾರರು ಆ ಪತ್ರಗಳನ್ನು ಇಳಿಸಿಕೊಂಡು, ಚಿತ್ರದಿಂದ ಕೃತಕ ಬೆರಳಚ್ಚು ಮಾಡಿಕೊಂಡಿದ್ದರು. ಇಲಾಖೆ ನಂತರ ಅಚ್ಚುಗಳನ್ನು ಮರೆಮಾಚುವ ಕ್ರಮ ಕೈಗೊಂಡಿತು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕಿಕೊಳ್ಳಿ ಎಂದು ಜನರಿಗೆ ಸಲಹೆ ಬಂತು. ಓದುಗರಲ್ಲಿ ಯಾರಾದರೂ ಹಾಕಿಕೊಂಡಿರದಿದ್ದರೆ ಮಕ್ಕಳ ಸಹಾಯದಿಂದ ಇಂದೇ ಹಾಕಿಕೊಳ್ಳುವುದು ಲೇಸು.

ಯಾರೂ ಇಲ್ಲಿ ಗಣಕಯಂತ್ರವನ್ನು ಒಡೆದು ಒಳನುಗ್ಗಬೇಕಾಗಿರಲಿಲ್ಲ. ಒಂದು ಇಲಾಖೆ ವಂಚನೆ ತಡೆಯಲು ಸಂಗ್ರಹಿಸಿದ್ದು ಇನ್ನೊಂದು ವ್ಯವಸ್ಥೆಯ ಬೀಗದ ಕೈಯಾಗಿತ್ತು. ಎರಡು ಕಚೇರಿಯವರು ಒಮ್ಮೆ ಒಂದೇ ಮೇಜಿನ ಸುತ್ತ ಕುಳಿತಿದ್ದರೆ ಇದು ಮೊದಲೇ ಹೊಳೆಯುತ್ತಿತ್ತೇನೋ. ಗುಪ್ತಪದ ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು, ಬೆರಳನ್ನು ಬದಲಿಸಲಾದೀತೆ?

ಮುಂದಿನ ಪ್ರಕರಣ ಬೇರೆ ಬಗೆಯದು. 2025ರ ಆರಂಭದಲ್ಲಿ ಕಾವೇರಿ 2.0 ಪದೇ ಪದೇ ಸ್ಥಗಿತಗೊಂಡಿತು. ರಾಜ್ಯದಾದ್ಯಂತ ನೋಂದಣಿ ನಿಂತಿತು, ಋಣಭಾರ ಪ್ರಮಾಣಪತ್ರ ಸಿಗದೆ ಸಾಲಗಳು ತಡವಾದವು. ಸರ್ವರಿನ ದೋಷವೆಂದು ಮೊದಲು ಭಾವಿಸಿದ್ದು ಆಮೇಲೆ ದಾಳಿಯೆಂದು ತಿಳಿಯಿತು. ಸೈಬರ್ ಪೊಲೀಸರಲ್ಲಿ ದೂರು ದಾಖಲಾಯಿತು. ಋಣಭಾರ ಹುಡುಕುವ ಸೌಲಭ್ಯಕ್ಕೆ 62 ಇಮೇಲ್ ಖಾತೆಗಳಿಂದ, 14 ಐಪಿ ವಿಳಾಸಗಳ ಮೂಲಕ, ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವು. ಭಾಗಿಸಿ ನೋಡಿ: ಒಂದೊಂದು ಖಾತೆಯಿಂದ ಹತ್ತು ಸಾವಿರ. ತರಗತಿಯಲ್ಲಿ 62 ಮಂದಿ ಹುಡುಗರು ಒಟ್ಟಿಗೆ ಎದ್ದುನಿಂತು, ಉತ್ತರಕ್ಕೆ ಕಾಯದೆ, ಪ್ರತಿಯೊಬ್ಬನೂ ಸೆಕೆಂಡಿಗೊಂದಕ್ಕೂ ಹೆಚ್ಚು ಪ್ರಶ್ನೆ ಕೇಳುತ್ತಾ ಹೋದರೆ ಮೇಷ್ಟ್ರ ಗತಿ ಏನು? ನಿಜವಾಗಿ ಅನುಮಾನವಿರುವ ಹಿಂದಿನ ಬೆಂಚಿನ ಹುಡುಗ ಗಂಟೆ ಹೊಡೆಯುವವರೆಗೂ ಕೈಯೆತ್ತಿಕೊಂಡೇ ಇರುತ್ತಾನೆ. ಇಂತಹ ದಾಳಿಯ ಗುರಿ ಕದಿಯುವುದಲ್ಲ, ಬಾಗಿಲಿಗೆ ಅಡ್ಡ ನಿಲ್ಲುವುದು.

ಹಣವನ್ನೇ ಕದ್ದ ಪ್ರಕರಣವೂ ನಮ್ಮ ರಾಜ್ಯದಲ್ಲಿದೆ. 2019ರಲ್ಲಿ ಸರ್ಕಾರದ ಇ-ಸಂಗ್ರಹಣಾ ತಾಣದಿಂದ, ಟೆಂಡರುದಾರರು ಇಟ್ಟಿದ್ದ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿದುಹೋಯಿತು. ಠೇವಣಿ ಮರಳಿಸುವ ದಾರಿಯಲ್ಲೇ ಕಳ್ಳತನ ನಡೆದಿತ್ತು. ಅದರ ರಾಜಕೀಯ ಗದ್ದಲ ಎಲ್ಲರಿಗೂ ನೆನಪಿರಬಹುದು. ನಾನು ಅದಕ್ಕೆ ಹೋಗುವುದಿಲ್ಲ.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 2024ರ ಜುಲೈ ಕೊನೆಯಲ್ಲಿ. ದೇಶದ ಸುಮಾರು 300 ಸಣ್ಣ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ಒಮ್ಮೆಲೇ ನಿಂತಿತು. ಆ ಬ್ಯಾಂಕುಗಳ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ. ಅವೆಲ್ಲಕ್ಕೂ ತಾಂತ್ರಿಕ ಸೇವೆ ಒದಗಿಸುತ್ತಿದ್ದ ಸಿ-ಎಡ್ಜ್ ಎಂಬ ಒಂದು ಸಂಸ್ಥೆಗೆ, ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿತ್ತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನೇ ಕಡಿದುಹಾಕಿತು. ಪರಿಶೀಲನೆಯ ನಂತರ ಮರುದಿನ ಜೋಡಿಸಿತು. ಸಣ್ಣವರನ್ನು ಯಾರೂ ಹುಡುಕಿಕೊಂಡು ಬರಬೇಕಾಗಿಲ್ಲ. ಎಲ್ಲರೂ ಒಂದೇ ತೋಡಿನ ನೀರು ಕುಡಿಯುತ್ತಿದ್ದರೆ ತೋಡಿನ ತಲೆಯಲ್ಲಿ ವಿಷ ಬಿದ್ದರೆ ಸಾಕು. ಸಂಪರ್ಕ ಕಡಿದ ನಿರ್ಧಾರವನ್ನು ನಾನು ಮೆಚ್ಚುತ್ತೇನೆ. ಒಂದು ದಿನದ ಜನರ ಬೈಗುಳಕ್ಕೆ ಹೆದರಿದ್ದರೆ ಅದು ಆಗುತ್ತಿರಲಿಲ್ಲ.

ದಾಳಿಯನ್ನು ತಡೆಯುವುದು ಒಂದು ವಿದ್ಯೆ, ಬಿದ್ದ ಮೇಲೆ ಏಳುವುದು ಇನ್ನೊಂದು ವಿದ್ಯೆ. ನಮ್ಮ ಸಂಸ್ಥೆಗಳು ಮೊದಲನೆಯದಕ್ಕೆ ತಂತ್ರಾಂಶ ಕೊಳ್ಳುತ್ತವೆ. ಎರಡನೆಯದನ್ನು ಯಾರೂ ಮಾರುವುದಿಲ್ಲವಾದ್ದರಿಂದ ಅದರ ಯೋಚನೆಯೇ ಬರುವುದಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಬೀಗ ಬಿದ್ದ ಸ್ಥಿತಿಗೆ ಬಂದವು. ಹಲವು ದಿನ ಚೀಟಿ, ವರದಿ ಎಲ್ಲವೂ ಕೈಬರಹದಲ್ಲಿ ನಡೆದವು. ದಾಳಿಗೆ ಸಿಲುಕದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ಇ-ಆಸ್ಪತ್ರೆಯ ಮಾಹಿತಿಯನ್ನು ಮರಳಿ ಪಡೆದೆವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಕಾಗದದ ಮೇಲೆ ಕೆಲಸ ಮಾಡಲು ಬಲ್ಲ ಗುಮಾಸ್ತರೂ ದಾದಿಯರೂ ಅಲ್ಲಿ ಇನ್ನೂ ಇದ್ದರೆಂಬುದನ್ನು ಯಾರೂ ಸಂಸತ್ತಿಗೆ ತಿಳಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಅದೂ ಬ್ಯಾಕಪ್ಪೇ.

ಇದಕ್ಕೂ ಸ್ವಾರಸ್ಯದ ಸಂಗತಿ 2017ರದು. ಆ ವರ್ಷದ ಜೂನ್ 27ರಂದು ಉಕ್ರೇನಿನಲ್ಲಿ ಆರಂಭವಾದ ನಾಟ್‌ಪೆಟ್ಯಾ ಎಂಬ ವಿನಾಶಕಾರಿ ತಂತ್ರಾಂಶ ಜಗತ್ತಿನ ದೊಡ್ಡ ಹಡಗು ಸಾರಿಗೆ ಸಂಸ್ಥೆಯಾದ ಡೆನ್ಮಾರ್ಕಿನ ಮರ್ಸ್ಕ್ ಕಂಪನಿಯನ್ನು ನೆಲಕ್ಕೆ ಕೆಡವಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ಗೂ ಪೆಟ್ಟು ಬಿತ್ತು. ಕಂಪನಿಯಲ್ಲಿ ಯಾರು ಯಾವ ಯಂತ್ರವನ್ನು ಬಳಸಬಹುದೆಂಬ ಪಟ್ಟಿಯನ್ನಿಟ್ಟ ಸರ್ವರುಗಳು ಹಲವಾರು ಊರುಗಳಲ್ಲಿದ್ದವು. ಒಂದು ಹೋದರೆ ಇನ್ನೊಂದರಿಂದ ನಕಲು ಮಾಡಿಕೊಳ್ಳಬಹುದೆಂಬ ಧೈರ್ಯ. ಆದರೆ ಅವೆಲ್ಲ ಸದಾ ಒಂದಕ್ಕೊಂದು ಜೋಡಿಸಿಕೊಂಡಿದ್ದವು, ಆದ್ದರಿಂದ ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಒಂದೇ ಒಂದು, ಆಫ್ರಿಕದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಆ ನಕಲನ್ನು ಜಾಲದಲ್ಲಿ ಕಳುಹಿಸಲು ವೇಗ ಸಾಲದೆ, ಘಾನಾದ ನೌಕರನಿಗೆ ಬ್ರಿಟನ್ನಿನ ವೀಸಾ ಇಲ್ಲದೆ, ನೈಜೀರಿಯಾದ ವಿಮಾನ ನಿಲ್ದಾಣದಲ್ಲಿ ಕೈಯಿಂದ ಕೈಗೆ ದಾಟಿಸಿ ಇಂಗ್ಲೆಂಡಿಗೆ ಒಯ್ದರು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಗಣಕಯಂತ್ರಗಳನ್ನು ಹೊಸದಾಗಿ ಸಜ್ಜುಗೊಳಿಸಿದರು. ಆ ಹತ್ತು ದಿನ ಕೆಲಸವನ್ನೆಲ್ಲ ಕೈಯಲ್ಲಿ ಬರೆದು, ದೂರವಾಣಿಯಲ್ಲಿ ಹೇಳಿ ಸಾಗಿಸಿದರು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಕೂರುವ ನಾವು ಕೊಡಗಿನವರು ಇದನ್ನು ಓದಿ ಸ್ವಲ್ಪ ನಗುವುದರಲ್ಲಿ ತಪ್ಪಿಲ್ಲ.

ಸಹಕಾರ ಸಂಘದ ಕಾರ್ಯದರ್ಶಿಗೆ ನಾನು ಹೇಳಿದ್ದು ಈ ಘಾನಾದ ಕಥೆಯನ್ನೇ. ಸಂಘದ ಖಾತೆಗಳ ಒಂದು ನಕಲು ವಾರಕ್ಕೊಮ್ಮೆ ಯಾವ ತಂತಿಗೂ ಜೋಡಿಸದ ಪೆಟ್ಟಿಗೆಗೆ ಹೋಗಲಿ, ಆ ಪೆಟ್ಟಿಗೆ ಬೇರೆ ಕಟ್ಟಡದಲ್ಲಿರಲಿ. ಆರು ತಿಂಗಳಿಗೊಮ್ಮೆ ಅದನ್ನು ತೆಗೆದು ಬೇರೊಂದು ಯಂತ್ರದಲ್ಲಿ ಓದಲು ಬರುತ್ತದೆಯೇ ನೋಡಿ. ಓದಲು ಬಾರದ ನಕಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಂತ್ರಾಂಶಕ್ಕೆ ತೇಪೆ ಬಂದರೆ ನಾಳೆ ಎನ್ನಬೇಡಿ: 2017ರ ಮೇ ತಿಂಗಳಲ್ಲಿ ವಾನಾಕ್ರೈ 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿದ್ದು, ಎರಡು ತಿಂಗಳ ಹಿಂದೆಯೇ ಮೈಕ್ರೋಸಾಫ್ಟ್ ಮುಚ್ಚಿದ್ದ ತೂತಿನ ಮೂಲಕ. ಹಣ ವರ್ಗಾವಣೆಗೆ ಒಬ್ಬರ ಬೆರಳು ಸಾಲದು, ಇಬ್ಬರದು ಬೇಕು. ನಮ್ಮ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಮೊಹರು ಹಾಕಿದ ಕಟ್ಟನ್ನು ಒಬ್ಬರೇ ಬಿಚ್ಚುವುದುಂಟೇ? ಇನ್ನು, ಏನಾದರೂ ಆದರೆ ಮುಚ್ಚಿಡಬೇಡಿ. 2022ರ ಏಪ್ರಿಲ್‌ನ ಆದೇಶದಂತೆ ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಮರ್ಯಾದೆ ಹೋಗುತ್ತದೆಂಬ ಭಯ ನಮ್ಮಲ್ಲಿ ಹೆಚ್ಚು. ಮುಚ್ಚಿಟ್ಟ ಆರು ಗಂಟೆಯಲ್ಲಿ ಪಕ್ಕದ ಸಂಘವೂ ಅದೇ ಹೊಂಡಕ್ಕೆ ಬೀಳುತ್ತದೆ.

"ಮತ್ತೆ ಲೆಡ್ಜರ್ ಬರೆಯಬೇಕೇ ಸಾರ್?" ಎಂದ. ಬೇಡ. ಆದರೆ ವರ್ಷಕ್ಕೊಂದು ದಿನ, ಮಳೆ ಹಿಡಿಯುವ ಮೊದಲು, ಗಣಕಯಂತ್ರ ಆರಿಸಿ ಸಂಘವನ್ನು ನಡೆಸಿ ನೋಡು ಎಂದೆ. ರಸೀದಿ ಪುಸ್ತಕ ಎಲ್ಲಿದೆ, ಸದಸ್ಯರ ಬಾಕಿಯ ಮುದ್ರಿತ ಪಟ್ಟಿ ಯಾವ ತಿಂಗಳದು, ಯಾರ ದೂರವಾಣಿ ಸಂಖ್ಯೆ ಯಾರ ಬಳಿ ಇದೆ ಎಂಬುದೆಲ್ಲ ಆ ದಿನ ಗೊತ್ತಾಗುತ್ತದೆ.

ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ದೊಡ್ಡ ಕೆಲಸ ನಡೆಯಿತು. ಪುಡಿಯಾಗುತ್ತಿದ್ದ ಕಾಗದಗಳ ಅಕ್ಷರ ಉಳಿಯುವುದು, ಕಡತ ಕಾಣೆಯಾಯಿತೆಂಬ ಹಳೆಯ ನೆವ ಕೊನೆಗಾಣುವುದು ಸಂತೋಷವೇ. ಆದರೆ ಸ್ಕ್ಯಾನ್ ಆದ ಕಡತವನ್ನು ಜಾಗದ ಅಭಾವವೆಂದು ತೂಕಕ್ಕೆ ಹಾಕುವ ಮಾತು ಯಾವ ಕಚೇರಿಯಲ್ಲೂ ಬರಬಾರದು. ಯಂತ್ರದೊಳಗಿನ ಹೆಸರು ಯಾರ ಕೈವಾಡದಿಂದಲೋ ಬದಲಾದ ದಿನ, ಹೋಲಿಸಿ ನೋಡಲು ಬೇಕಾಗುವುದು ಆ ಮಾಸಿದ ಹಾಳೆಯೇ. ಜಮ್ಮಾ ಜಮೀನಿನ ತಕರಾರು ನಡೆಸಿದ ಕೊಡಗಿನ ಯಾವ ಒಕ್ಕವನ್ನು ಬೇಕಾದರೂ ಕೇಳಿ ನೋಡಿ.